ನಮ್ಮೂರಿನ ಅರೆ

ಈ ಸ್ಮರಣ ಸಂಚಿಕೆಯ ಸಂಪಾದಕಿಯವರು ನನಗೆ ಪತ್ರವನ್ನು ಬರೆದು, ಹಳೆಯ ವಿದ್ಯಾರ್ಥಿನಿಯಾದ ನಾನು ಬೋರ್ಡಿಂಗಿನ ದಿನಗಳನ್ನು ಕುರಿತು ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಅಪೇಕ್ಷಿಸಿದರು. ಬರೆಯಲು ಕುಳಿತಾಗ ನನ್ನ ಮೇಜಿನ ಮೇಲೆ ಬೇರೊಂದು ಕಾಗದವಿದ್ದಿತು. ಅದು ನಮ್ಮೂರಿನ ಜಮೀನಿನಲ್ಲಿ ಜಲ್ಲಿಗಾಗಿ ಕಲ್ಲುಗಣಿಯನ್ನು ತೆಗೆಯುವುದಕ್ಕೆ ಭೂಮಾಲೀಕರು ಕೊಡಬೇಕಾದ ಒಪ್ಪಿಗೆ ಪತ್ರ. ನನ್ನ ತಮ್ಮನ ರುಜು ಅದರಲ್ಲಿ ಆಗಲೇ ಬಿದ್ದಿತ್ತು. ನನ್ನ ಹೆಸರಿನ ಮುಂದೆ ಪೆನ್ಸಿಲಿನಿಂದ ಗುಣಾಕಾರದ ಗುರುತೊಂದನ್ನು ಹಾಕಿ ಜಾಗವನ್ನು ಬಿಟ್ಟಿದ್ದರು. ಆ ಗುರುತು ಕಣ್ಣೆದುರಿಗಿರುವಾಗ ಬೋರ್ಡಿಂಗಿನ ಸಾರಿನ ರುಚಿಯನ್ನು ವರ್ಣಿಸುವುದು ನನ್ನಿಂದಾಗಲಿಲ್ಲ. ಆದಕಾರಣ ಈ ಲೇಖನವು ಸ್ವಲ್ಪ ಮಟ್ಟಿಗೆ ಪಾಠಶಾಲೆಯ ಸ್ಮರಣೆಯೂ, ಹೆಚ್ಚಾಗಿ ನಮ್ಮೂರಿನ ಒಂದು ಬಂಡೆಯ ಕಥೆಯೂ ಆಗಿದೆ. ನನ್ನ ಹಳೆಯ ಗೆಳತಿಯರೂ ವಿದ್ಯಾರ್ಥಿನಿಯರ ತಂದೆತಾಯಂದಿರೂ ಇದನ್ನು ಮನ್ನಿಸಿ ಓದಬೇಕಾಗಿ ಬೇಡುತ್ತೇನೆ.

ನಮ್ಮೂರು ಕೆಂಗೇರಿಯಿಂದ ಪಶ್ಚಿಮಕ್ಕೆ, ದೊಡ್ಡಾಲದ ಮರದ ದಾರಿಯನ್ನು ಹಿಡಿದು ಹೋದರೆ ಸಿಕ್ಕುವ ಎಂಬತ್ತು ಮನೆಗಳ ಹಳ್ಳಿ. ವ್ಯವಹಾರವು ಇನ್ನೂ ಮುಗಿಯದೆ ಇರುವುದರಿಂದ ಊರ ಹೆಸರನ್ನು ಇಲ್ಲಿ ಬರೆಯುವುದು ಉಚಿತವಲ್ಲ. ಊರ ಮುಂದೆ ಒಂದು ಅರೆಯಿದೆ. ನಮ್ಮ ಕಡೆಯಲ್ಲಿ ಹಾಸುಬಂಡೆಯನ್ನು ಅರೆಯೆಂದು ಕರೆಯುವರು. ಮಲಗಿದ ಎಮ್ಮೆಯ ಬೆನ್ನಿನಂತೆ ಅದು ನೆಲದಿಂದ ಮೆಲ್ಲಗೆ ಎದ್ದು, ಮೆಲ್ಲಗೆ ಇಳಿದು, ಹೊಲಗಳ ನಡುವೆ ಮರೆಯಾಗುತ್ತದೆ. ಅದರ ನೆತ್ತಿಯ ಮೇಲೆ ನಿಂತರೆ ಪಶ್ಚಿಮದ ಅಂಚಿನಲ್ಲಿ ಸಾವನದುರ್ಗವು ಕಾಣುತ್ತದೆ. ಅರೆಯ ಮುಕ್ಕಾಲು ಪಾಲು ನಮ್ಮ ಸರ್ವೆ ನಂಬರಿನೊಳಗಿದೆ. ಉಳಿದದ್ದು ಸರ್ಕಾರದ ಖರಾಬು.

ನಮ್ಮ ತಾಯಿಯವರ ಪಾಲಿಗೆ ಆ ಅರೆಯು ಮನೆಯ ಇನ್ನೊಂದು ಅಂಗಳವಾಗಿತ್ತು. ಸುಗ್ಗಿಯಲ್ಲಿ ರಾಗಿಯ ತೆನೆ, ಅದರ ಹಿಂದೆಯೇ ಹುರುಳಿ, ಅವರೆ, ಮಾಘ ಕಳೆದ ಮೇಲೆ ಹುಣಸೆಹಣ್ಣು, ಬೇಸಗೆಯಲ್ಲಿ ಸಂಡಿಗೆ. ಇವೆಲ್ಲವೂ ಅಲ್ಲಿ ಒಣಗುತ್ತಿದ್ದುವು. ಮಣ್ಣಿನ ಕಣವನ್ನು ಎಷ್ಟು ಸಲ ಸಗಣಿಯಿಂದ ಸಾರಿಸಿದರೂ ಒಕ್ಕಿದ ರಾಗಿಯಲ್ಲಿ ಮರಳು ಸೇರದೆ ಬಿಡುವುದಿಲ್ಲ. ಅರೆಯ ಮೇಲೆ ಒಕ್ಕಿದ ರಾಗಿಗೆ ಆ ದೋಷವಿಲ್ಲ. “ಕಲ್ಲಿನ ಮೇಲೆ ಒಕ್ಕಿದರೆ ಕಾಳಿನಲ್ಲಿ ಕಲ್ಲಿರೋದಿಲ್ಲ” ಎಂದು ಅಮ್ಮನು ಮೊರದಲ್ಲಿ ಕೇರುತ್ತ ಹೇಳುತ್ತಿದ್ದಳು.

ಅರೆಯ ಬುಡದಲ್ಲಿ ಒಂದು ಕುಂಟೆಯಿದೆ. ಬರಿಯ ಬಂಡೆಯು ಮಳೆಯ ನೀರನ್ನು ಹೀರುವುದಿಲ್ಲ. ಬಿದ್ದುದೆಲ್ಲ ಜಾರಿ ಆ ಕುಂಟೆಗೆ ಸೇರುತ್ತದೆ. ನಾನು ಬಾಲ್ಯದಲ್ಲಿ ಇದನ್ನು ಕಣ್ಣಿನಿಂದ ಕಂಡಿದ್ದೆನೇ ಹೊರತು ಲೆಕ್ಕಹಾಕಿರಲಿಲ್ಲ. ಮುಂದೆ ಗಣಿತದ ಉಪಾಧ್ಯಾಯಿನಿಯಾದ ಮೇಲೆ ಒಂದು ದಿನ ತರಗತಿಯಲ್ಲಿ ಇದನ್ನೇ ಲೆಕ್ಕವಾಗಿ ಕೊಟ್ಟೆನು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 1,02,800 ಲೀಟರು ನೀರಾಗುತ್ತದೆ. ನಮ್ಮ ಅರೆಯು ಸುಮಾರು 3 ಎಕರೆಯಿದೆ. ಬೆಂಗಳೂರಿನ ಕಡೆ ವರ್ಷಕ್ಕೆ 38 ಅಂಗುಲದಷ್ಟು ಮಳೆಯಾಗುತ್ತದೆ. ಬಿಸಿಲಿಗೆ ಆರಿಹೋಗುವುದನ್ನು ಕಳೆದರೂ, ಒಂದೊಂದು ಹದವಾದ ಮಳೆಗೆ ಕುಂಟೆಗೆ ಲಕ್ಷಗಟ್ಟಲೆ ಲೀಟರು ನೀರು ಬರುತ್ತದೆಯೆಂದಾಯಿತು. ಕುಂಟೆಯ ಕೆಳಗೆ ಮೂರು ಬಾವಿಗಳಿವೆ. ನಮ್ಮ ಬಾವಿಯೂ ಅದರಲ್ಲೊಂದು. ಕಲ್ಲಿನ ಬಿರುಕುಗಳಲ್ಲಿ ನೀರು ಇಳಿದು ಬಾವಿಯನ್ನು ಸೇರುವ ದಾರಿಯನ್ನು ಯಾರೂ ಕಂಡವರಿಲ್ಲ. ಕುಂಟೆ ತುಂಬಿದ ವರ್ಷ ಬಾವಿಯಲ್ಲಿ ನೀರಿರುತ್ತದೆಂಬುದನ್ನು ಮಾತ್ರ ಎಲ್ಲರೂ ಬಲ್ಲರು.

1964ನೆಯ ಇಸವಿಯಲ್ಲಿ ನಮ್ಮ ತಂದೆಯವರು ತಗಡಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ನನ್ನನ್ನು ಕೆಂಗೇರಿಯ ಸ್ಟೇಷನ್ನಿಗೆ ನಡೆಸಿಕೊಂಡು ಬಂದು, ಮೀಟರ್ ಗೇಜಿನ ರೈಲಿನಲ್ಲಿ ಬೆಂಗಳೂರಿಗೆ ಕರೆತಂದು ಪಾಠಶಾಲೆಗೆ ಸೇರಿಸಿದರು. ಪೆಟ್ಟಿಗೆಯ ಜೊತೆಗೆ ಒಂದು ಚೀಲ ರಾಗಿಯೂ ಬಂದಿತು. ಬೋರ್ಡಿಂಗಿನ ಶುಲ್ಕದಲ್ಲಿ ಸ್ವಲ್ಪ ಭಾಗವನ್ನು ಕಾಳಿನ ರೂಪದಲ್ಲಿ ಕೊಡಲು ದೊಡ್ಡ ಮಿಸ್ಸಮ್ಮನವರು ದಯವಿಟ್ಟು ಒಪ್ಪಿದ್ದರು. ಅಡುಗೆಯ ಅಮ್ಮನು ಚೀಲವನ್ನು ಬಿಚ್ಚಿ, ಒಂದು ಹಿಡಿ ರಾಗಿಯನ್ನು ತಟ್ಟೆಯಲ್ಲಿ ಹರವಿ, ಬೆರಳಾಡಿಸಿ, “ಇದೇನಮ್ಮ, ಆರಿಸುವ ಕೆಲಸವೇ ಇಲ್ಲವಲ್ಲ!” ಎಂದಳು. ಪಟ್ಟಣದ ಹುಡುಗಿಯರ ನಡುವೆ ಹಳ್ಳಿಯ ಹುಡುಗಿಯಾದ ನನಗೆ ಆ ದಿನ ಸಿಕ್ಕಿದ ಮೊದಲ ಗೌರವ ಅದೇ. ಬೋರ್ಡಿಂಗಿನ ನಲ್ಲಿಯಲ್ಲಿ ನಾವು ಕುಡಿದ ನೀರೂ ನಮ್ಮ ದಿಕ್ಕಿನದೇ ಎಂಬುದು ಬಹುಕಾಲದ ಮೇಲೆ ತಿಳಿಯಿತು. 1974ರಲ್ಲಿ ಕಾವೇರಿಯ ನೀರು ಬರುವ ತನಕ ಬೆಂಗಳೂರಿಗೆ ಹೆಸರಘಟ್ಟದ ಕೆರೆಯೂ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿಯ ಜಲಾಶಯವೂ ನೀರು ಕೊಡುತ್ತಿದ್ದುವು; ಎರಡೂ ಅರ್ಕಾವತಿಯ ನೀರು. ನಮ್ಮ ಕಡೆಯ ಅರೆಗಳ ಮೇಲೆ ಜಾರಿದ ಮಳೆ ಹಳ್ಳಕೊಳ್ಳಗಳನ್ನು ಹಿಡಿದು ಕೊನೆಗೆ ಸೇರುವುದೂ ಆ ಅರ್ಕಾವತಿಯನ್ನೇ.

ನಮ್ಮ ಪಾಠಶಾಲೆಯ ಹಳೆಯ ಕಟ್ಟಡವನ್ನು ಬಲ್ಲವರಿಗೆ ಅದರ ಮೆಟ್ಟಿಲುಗಳ ನೆನಪಿಲ್ಲದೆ ಇರಲಾರದು. ಸಾವಿರಾರು ಹುಡುಗಿಯರ ಕಾಲಿಗೆ ಸವೆದು ನಡುವೆ ತಗ್ಗಾದ ಆ ಚಪ್ಪಡಿಗಳ ಮೇಲೆ ಮಳೆ ಬಂದ ದಿನ ಒಂದು ಬೊಗಸೆ ನೀರು ನಿಲ್ಲುತ್ತಿತ್ತು. ಗೋಡೆ, ಕಂಬ, ಜಗಲಿ, ಬಾವಿಯ ಕಟ್ಟೆ, ಎಲ್ಲವೂ ಕಲ್ಲು. ಭೂಗೋಳದ ಮಿಸ್ಸಮ್ಮನವರು 1967ರಲ್ಲಿ ನಮ್ಮನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ, ಕೆಂಪೇಗೌಡನ ಗೋಪುರವಿರುವ ಬಂಡೆಯ ಮೇಲೆ ಸಾಲಾಗಿ ಕೂರಿಸಿ, “ನೀವು ಕುಳಿತಿರುವುದು ಭೂಮಿಯ ಅತ್ಯಂತ ಹಳೆಯ ನೆಲಗಳಲ್ಲೊಂದರ ಮೇಲೆ, ಸದ್ದುಮಾಡದೆ ಊಟ ಮಾಡಿರಿ” ಎಂದರು. ಪೆನಿನ್ಸುಲರ್ ನೈಸ್ ಎಂದು ಕರೆಯುವ ಆ ಶಿಲೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸೆಂದು ಹೇಳುತ್ತಾರೆ. ಈಗ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ. ಅದರ ಮುಂದೆ ಫಲಕವಿದೆ, ಕಾವಲಿದೆ. ಇನ್ನೂ ಪಶ್ಚಿಮಕ್ಕೆ, ರಾಮನಗರದ ಬೆಟ್ಟಗಳದ್ದು ಬೇರೆ ಗ್ರಾನೈಟು. ಅದಕ್ಕೆ ಸುಮಾರು 250 ಕೋಟಿ ವರ್ಷ. ರಾಮದೇವರ ಬೆಟ್ಟದಲ್ಲಿ ರಣಹದ್ದುಗಳು ಗೂಡುಕಟ್ಟುವುದರಿಂದ 2012ರಲ್ಲಿ ಅದನ್ನು ಅಭಯಧಾಮವೆಂದು ಸಾರಿದರು. ಎರಡರ ನಡುವೆ ಇರುವ ನಮ್ಮ ಅರೆಗೆ ಫಲಕವೂ ಇಲ್ಲ, ಹದ್ದೂ ಇಲ್ಲ.

ಹಿಂದೆ ನಮ್ಮೂರಿನಲ್ಲಿ ಕಲ್ಲು ತೆಗೆಯುತ್ತಿರಲಿಲ್ಲವೆಂದು ನಾನು ಹೇಳಲಾರೆ. ಅರೆಯ ಆಚೆಯ ಮಗ್ಗುಲಲ್ಲಿ ಕಲ್ಲು ಒಡೆಯುವ ಬೋವಿ ಜನರ ನಾಲ್ಕು ಗುಡಿಸಲುಗಳಿದ್ದುವು. ಅವರು ಬಂಡೆಯ ಮೇಲೆ ಸೌದೆಯನ್ನು ಹರವಿ ಬೆಂಕಿಯಿಟ್ಟು, ಆ ಬೆಂಕಿಯನ್ನು ಗೇಣುಗೇಣಾಗಿ ಮುಂದಕ್ಕೆ ಸರಿಸುತ್ತ ಹೋಗುವರು. ಕಾದ ಪದರವು ಅಡಿಯ ಬಂಡೆಯಿಂದ ಬಿಟ್ಟುಕೊಂಡಾಗ ಒಳಗಿನಿಂದ ತಟ್ಟೆಂದು ಒಂದು ಶಬ್ದ ಬರುವುದು. ಹಿರಿಯನೊಬ್ಬನು ಸುತ್ತಿಗೆಯಿಂದ ತಟ್ಟುತ್ತ, ಕಿವಿಗೊಟ್ಟು, ಪದರವು ಎಲ್ಲಿಯವರೆಗೆ ಬಿಟ್ಟಿದೆಯೆಂದು ಗೆರೆ ಎಳೆಯುವನು. ಆ ಮೇಲೆ ಸಾಲಾಗಿ ಕುಳಿಗಳನ್ನು ಹೊಡೆದು, ಉಳಿಗಳನ್ನಿಟ್ಟು ಒಂದೊಂದಾಗಿ ಬಡಿದರೆ ಚಪ್ಪಡಿಯು ಬಟ್ಟೆ ಹರಿದಂತೆ ನೇರವಾಗಿ ಸೀಳುವುದು. ವರ್ಷವೆಲ್ಲ ಹೀಗೆ ತೆಗೆದರೂ ಅರೆಯು ಅಷ್ಟೇ ಇರುತ್ತಿತ್ತು.

ಆ ಗುಡಿಸಲುಗಳಲ್ಲಿ ನನ್ನ ವಯಸ್ಸಿನ ಹುಡುಗಿಯೊಬ್ಬಳಿದ್ದಳು. ನಾವಿಬ್ಬರೂ ಕುಂಟೆಯ ದಡದಲ್ಲಿ ಕಲ್ಲಾಟವನ್ನಾಡುತ್ತಿದ್ದೆವು. ಐದು ಕಲ್ಲುಗಳನ್ನು ಅವಳಷ್ಟು ಚೆನ್ನಾಗಿ ಹಿಡಿಯುವವರನ್ನು ನಾನು ಮತ್ತೆ ಕಂಡಿಲ್ಲ. ಅವಳ ತಂದೆ ಕೆಮ್ಮುತ್ತಿದ್ದನು. ನಾನು ಬೋರ್ಡಿಂಗಿನಿಂದ ಎರಡನೆಯ ದಸರಾ ರಜೆಗೆ ಊರಿಗೆ ಹೋದಾಗ ಆತನು ತೀರಿಕೊಂಡಿದ್ದನು, ನಲವತ್ತು ದಾಟಿರಲಿಲ್ಲ. ಕ್ಷಯವೆಂದು ಎಲ್ಲರೂ ಹೇಳಿದರು. ಆ ಮನೆಯವರು ಗುಡಿಸಲನ್ನು ಕಿತ್ತುಕೊಂಡು ಎಲ್ಲಿಗೋ ಹೋಗಿದ್ದರು. ಕಲ್ಲಿನಲ್ಲಿರುವ ಸಿಲಿಕಾದ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ಗಾಯಮಾಡಿ ಗಟ್ಟಿಯಾಗುತ್ತದೆಂದೂ, ಸಿಲಿಕೋಸಿಸ್ ಎಂಬ ಆ ರೋಗವನ್ನು ವಾಸಿಮಾಡುವ ಔಷಧವಿಲ್ಲವೆಂದೂ, ಅನೇಕ ಸಲ ಅದನ್ನು ಕ್ಷಯವೆಂದೇ ತಪ್ಪಾಗಿ ತಿಳಿಯುತ್ತಾರೆಂದೂ ನಾನು ಓದಿ ತಿಳಿದದ್ದು ಐವತ್ತರ ವಯಸ್ಸಿನಲ್ಲಿ. ಉಸಿರಿನೊಡನೆ ಒಳಹೋಗುವ ಸಿಲಿಕಾ ಕ್ಯಾನ್ಸರಿಗೂ ಕಾರಣವೆಂದು 1997ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಸಂಶೋಧನಾ ಕೇಂದ್ರವು ಹೇಳಿದೆ. ಹಳೆಯ ಕಾಲದ ಉಳಿ ಸುತ್ತಿಗೆಯ ಕೆಲಸವನ್ನು ಹೊಗಳುವ ಬರಹಗಳನ್ನು ಕಂಡಾಗ ನನಗೆ ಆತನ ಕೆಮ್ಮು ಕೇಳಿಸುತ್ತದೆ. ಒಬ್ಬ ಮನುಷ್ಯನು ಉಳಿಯಿಂದ ಎಬ್ಬಿಸುವ ಧೂಳೇ ಅಷ್ಟಾದರೆ ಯಂತ್ರವು ಎಬ್ಬಿಸುವುದು ಎಷ್ಟೆಂಬುದನ್ನು ಊಹಿಸಬಹುದು.

ಆ ಯಂತ್ರವು ಈಗ ನಮ್ಮೂರಿಗೆ ಬರಲಿದೆ. ಮೊದಲು ಅರೆಯಲ್ಲಿ ಆಳವಾದ ಕುಳಿಗಳನ್ನು ಕೊರೆದು, ಸಿಡಿಮದ್ದನ್ನು ತುಂಬಿ, ಒಂದೇ ಏಟಿಗೆ ನೂರಾರು ಟನ್ನು ಬಂಡೆಯನ್ನು ಉರುಳಿಸುವರು. ಅದನ್ನು ಕ್ರಷರಿನ ದವಡೆಗೆ ಹಾಕಿ, ಜರಡಿ ಹಿಡಿದು, 40 ಮಿಲಿಮೀಟರಿನ ಜಲ್ಲಿ, 20ರ ಜಲ್ಲಿ, 12ರ ಜಲ್ಲಿ, ಎಂ-ಸ್ಯಾಂಡು, ಪುಡಿ ಎಂದು ಬೇರೆಬೇರೆ ರಾಶಿಗಳಾಗಿ ಮಾಡುವರು. ಇದನ್ನೆಲ್ಲ ತಿನ್ನುವ ಬಾಯಿ ಹತ್ತಿರದಲ್ಲಿಯೇ ಇದೆ. 2021ರ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೂ ಬಂದಿತು, 2023ರಲ್ಲಿ ಚಲ್ಲಘಟ್ಟಕ್ಕೆ ಮುಟ್ಟಿತು. ಅದೇ ವರ್ಷ ಮಾರ್ಚಿಯಲ್ಲಿ ಮೈಸೂರಿನ ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ನದಿಯ ಮರಳು ದುರ್ಲಭವಾದ ಮೇಲೆ ಗೋಡೆಯ ಗಾರೆಗೂ ಕಲ್ಲನ್ನೇ ಪುಡಿಮಾಡಬೇಕಾಗಿದೆ. ವಿಜಯನಗರದಲ್ಲಿಯೂ ರಾಜಾಜಿನಗರದಲ್ಲಿಯೂ ನಾನು ಬಲ್ಲ ಹೆಂಚಿನ ಮನೆಗಳಲ್ಲಿ ಒಂದಾದರೂ ಈಗ ಉಳಿದಿಲ್ಲ; ಅವುಗಳ ಜಾಗದಲ್ಲಿ ನಾಲ್ಕು ಅಂತಸ್ತುಗಳೆದ್ದಿವೆ.

ತಮ್ಮನು ಆ ಕಾಗದವನ್ನು ತೆಗೆದುಕೊಂಡು ಬಸವೇಶ್ವರನಗರದ ನನ್ನ ಮನೆಗೆ ಬಂದ ದಿನ ನಾನು ಸ್ವಲ್ಪ ಕಟುವಾಗಿಯೇ ಮಾತನಾಡಿದೆನು. ಅರೆಯನ್ನು ಮಾರುವುದೆಂದರೆ ಅಮ್ಮನ ಕಣವನ್ನು ಮಾರಿದಂತೆ ಎಂದೆನು. ಅವನು ಕಾಫಿಯನ್ನು ಪೂರ್ತಿ ಕುಡಿದು, ಲೋಟವನ್ನು ಕೆಳಗಿಟ್ಟು, “ಅಕ್ಕಾ, ನೀನು ಈ ಮನೆ ಕಟ್ಟಿಸಿದಾಗ ತಾರಸಿಗೆ ಜಲ್ಲಿ ಎಲ್ಲಿಂದ ಬಂತು?” ಎಂದು ಕೇಳಿದನು. ನನಗೆ ತಿಳಿಯದು. 1986ರಲ್ಲಿ ಬೆಳಗಿನ ಜಾವ ಲಾರಿಗಳು ಬಂದು ರಸ್ತೆಯ ಬದಿಯಲ್ಲಿ ಸುರಿದು ಹೋದದ್ದಷ್ಟೇ ನೆನಪು. ನಾನು ಎಣಿಸಿಕೊಂಡದ್ದು ಲೋಡುಗಳನ್ನು ಮಾತ್ರ. “ಅದೂ ಯಾವುದೋ ಊರ ಅರೆ ತಾನೆ? ಆ ಊರಿನ ಅಕ್ಕತಂಗಿಯರು ರುಜು ಹಾಕೋದಿಲ್ಲ ಅಂದಿದ್ದರೆ ನೀನು ಎಲ್ಲಿರುತ್ತಿದ್ದೆ?” ಎಂದನು. ರಾಗಿಯಲ್ಲಿ ಹುಟ್ಟುವಳಿ ಏನೆಂಬುದು ನನಗೂ ಗೊತ್ತು. ಮಗನಿಗೆ ಬಿಡದಿಯ ಕಾರ್ಖಾನೆಯಲ್ಲಿ ಕಾಯಂ ಆಗದ ಕೆಲಸ. ಮೊಮ್ಮಗಳಿಗೆ ನರ್ಸಿಂಗ್ ಕಾಲೇಜಿನ ಶುಲ್ಕ. ಗುತ್ತಿಗೆದಾರರು ಹೇಳಿದ ಮೊತ್ತವು ಅವನು ಬದುಕಿನಲ್ಲಿ ಒಟ್ಟಿಗೆ ಕಂಡ ಹಣವಲ್ಲ. ಮೂವತ್ತನಾಲ್ಕು ವರ್ಷ ಪಾಠಹೇಳಿ ಪಿಂಚಣಿ ತೆಗೆದುಕೊಳ್ಳುತ್ತಿರುವ ಅಕ್ಕನು ಅವನಿಗೆ ಅಮ್ಮನ ಕಣವನ್ನು ನೆನಪಿಸಿದ್ದು ನ್ಯಾಯವಾಗಿರಲಿಲ್ಲ. ಅವನು ಹೋದ ಮೇಲೆ ಆ ರಾತ್ರಿ ನಾನು ತಾರಸಿಯನ್ನು ನೋಡುತ್ತ ಬಹಳ ಹೊತ್ತು ಮಲಗಿದ್ದೆನು.

ಹಾಗೆ ಮಲಗಿರುವಾಗ ನನಗೆ ಪಾಂಡವಪುರದ ಕಡೆಯ ಗೆಳತಿಯೊಬ್ಬಳ ಮನೆಯು ನೆನಪಿಗೆ ಬಂದಿತು. ಅವಳು ನನ್ನ ಸಹಪಾಠಿನಿ; ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿ ಬೇಬಿ ಬೆಟ್ಟಕ್ಕೆ ಸಮೀಪದ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದವಳು. ಹೊರಗಿನವರು ಬೇಬಿ ಬೆಟ್ಟವನ್ನು ದನಗಳ ಜಾತ್ರೆಗೆ ಬಲ್ಲರು. ಅದರ ಮೇಲೆ ರಾಮಯೋಗೀಶ್ವರ ಮಠವಿದೆ, ಸುತ್ತಲೂ ಅಮೃತಮಹಲ್ ಕಾವಲಿನ ಭೂಮಿಯಿದೆ. 2017ರ ಬೇಸಗೆಯಲ್ಲಿ ಅವಳ ಮನೆಗೆ ಎರಡು ದಿನಗಳ ಮಟ್ಟಿಗೆ ಹೋಗಿದ್ದೆನು. ಮಧ್ಯಾಹ್ನದ ಮೇಲೆ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿರುವಾಗ ಅವಳು ಮಾತನ್ನು ನಿಲ್ಲಿಸದೆಯೇ ತನ್ನ ಲೋಟವನ್ನೂ ನನ್ನ ಲೋಟವನ್ನೂ ಎರಡು ಕೈಗಳಿಂದ ಹಿಡಿದುಕೊಂಡಳು. ನಾನು ಏಕೆಂದು ಕೇಳುವಷ್ಟರಲ್ಲಿ ನೆಲದೊಳಗಿನಿಂದ ಢಂ ಎಂದು ಸದ್ದಾಗಿ, ಅಡುಗೆಮನೆಯ ಅಲಮಾರಿನ ಪಾತ್ರೆಗಳು ಒಂದಕ್ಕೊಂದು ತಾಗಿ ಗಲಗಲಿಸಿದುವು. ಅವಳು ಕೈಗಳನ್ನು ಬಿಟ್ಟು, ನಿಂತಲ್ಲಿಂದ ಕಥೆಯನ್ನು ಮುಂದುವರಿಸಿದಳು. ದಿನವೂ ಅದೇ ಹೊತ್ತಿಗೆ ಲೋಟವನ್ನು ಹಿಡಿದುಕೊಳ್ಳುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಗೋಡೆಯ ಬಿರುಕಿಗೆ ಅಡ್ಡಲಾಗಿ ಕಾಗದದ ಪಟ್ಟಿಗಳನ್ನು ಅಂಟಿಸಿ, ಒಂದೊಂದರ ಮೇಲೆ ತಾರೀಖನ್ನು ಬರೆದಿದ್ದಳು; ಪಟ್ಟಿ ಹರಿದರೆ ಬಿರುಕು ಬೆಳೆದಿದೆಯೆಂದು ಅರ್ಥ. ಭೂಗೋಳದ ಮಿಸ್ಸಮ್ಮನವರ ಶಿಷ್ಯೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅದೇ ಮನೆಯ ಅಂಗಳದಲ್ಲಿ ಗಣಿಯ ಬಾಡಿಗೆಯಿಂದ ಕೊಂಡ ಟ್ರಾಕ್ಟರು ನಿಂತಿತ್ತು. ಅವಳು ಅದನ್ನೂ ಮರೆಮಾಚಲಿಲ್ಲ.

ಸ್ಫೋಟದಿಂದ ನೆಲವು ಎಷ್ಟು ಅಲುಗಬಹುದೆಂಬುದಕ್ಕೆ ನಿಯಮವಿಲ್ಲದೆ ಇಲ್ಲ. ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯವು 1997ರಲ್ಲಿಯೇ, ನಿಧಾನವಾದ ಕಂಪನಗಳಿಗೆ, ಸಾಮಾನ್ಯ ವಾಸದ ಮನೆಗಳ ಬಳಿ ಸೆಕೆಂಡಿಗೆ 5 ಮಿಲಿಮೀಟರಿನ ಮಿತಿಯನ್ನು ಹಾಕಿದೆ. ಆದರೆ ಅಳೆಯುವವರು ಯಾರು? ನನ್ನ ಗೆಳತಿಯ ಬಳಿ ಇದ್ದುದು ಕಾಗದದ ಪಟ್ಟಿಗಳು. 2018ರ ಸೆಪ್ಟೆಂಬರಿನಲ್ಲಿ ಕನ್ನಂಬಾಡಿ ಅಣೆಕಟ್ಟಿನ ಸುತ್ತ ಭಾರಿ ಶಬ್ದ ಕೇಳಿಬಂದಾಗ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಕಂಪನಮಾಪಕದ ದಾಖಲೆಯನ್ನು ನೋಡಿ, ಸುತ್ತಿನ ಕಲ್ಲುಗಣಿಗಳ ಸ್ಫೋಟವನ್ನು ಕಾರಣವಾಗಿ ಸೂಚಿಸಿತು. ಅಲ್ಲಿಂದ ಮುಂದೆ ಆ ವಿಷಯವು ಒಂದು ಹಳ್ಳಿಯ ಗೋಡೆಯ ಮಾತಾಗಿ ಉಳಿಯಲಿಲ್ಲ. ಕನ್ನಂಬಾಡಿಯು 1911ರಲ್ಲಿ ಆರಂಭವಾಗಿ ಎರಡು ದಶಕಗಳಲ್ಲಿ ಮುಗಿದ ಕಟ್ಟಡ. ಸಿಮೆಂಟಿನ ಬದಲು ಸುರ್ಕಿ ಗಾರೆಯಿಂದ ಕಲ್ಲನ್ನು ಕಟ್ಟಿ, 124.80 ಅಡಿಯವರೆಗೆ ನೀರು ನಿಲ್ಲಿಸಿದ್ದಾರೆ. ಬೆಂಗಳೂರಿನ ನಮ್ಮ ಮನೆಗಳ ನಲ್ಲಿಗೆ ಬರುವ ಕಾವೇರಿಯ ನೀರು ಆ ಅಣೆಕಟ್ಟಿನಿಂದ ಬಿಟ್ಟ ಮೇಲೆಯೇ ಕೆಳಗೆ ಹರಿದು ಬರಬೇಕು.

2022ರ ಜುಲೈಯಲ್ಲಿ ಸ್ಫೋಟದ ಪರಿಣಾಮವನ್ನು ಅಳೆಯುವುದಕ್ಕಾಗಿ ಬೇಬಿ ಬೆಟ್ಟದಲ್ಲಿ ಪರೀಕ್ಷಾ ಸ್ಫೋಟವನ್ನು ನಡೆಸಲು ಏರ್ಪಾಡಾಗಿ, ರೈತರು ಅದನ್ನು ವಿರೋಧಿಸಿದ್ದರಿಂದ ನಿಂತುಹೋಯಿತು. ಗಣಿತದವಳಾದ ನನಗೆ ಆಗ ರೈತರ ಮೇಲೆ ಅಸಮಾಧಾನವಾಯಿತು. ಅಳತೆಯನ್ನೇ ಬೇಡವೆಂದರೆ ಸತ್ಯವು ತಿಳಿಯುವುದು ಹೇಗೆ ಎಂದು ಗೆಳತಿಗೆ ದೂರವಾಣಿಯಲ್ಲಿ ಹೇಳಿದೆನು. ಅವಳು ತನ್ನ ಅತ್ತೆಯ ಮಾತನ್ನು ಒಪ್ಪಿಸಿದಳು: “ಗಡಿಗೇನ ಖಾಲಿ ಇದ್ದಾಗ ತಟ್ಟಿ ನೋಡ್ತಾರೆ. ತುಂಬಿ ತಲೆ ಮೇಲೆ ಇಟ್ಟುಕೊಂಡ ಮೇಲೆ ಯಾರಾದರೂ ತಟ್ಟುತ್ತಾರಾ?” ನಾನು ಸುಮ್ಮನಾದೆನು. 2024ರ ಜನವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು 2021ರ ಅಣೆಕಟ್ಟುಗಳ ಸುರಕ್ಷತಾ ಕಾಯಿದೆಯನ್ನು ಆಧರಿಸಿ, ಅಧ್ಯಯನವು ಮುಗಿಯುವ ತನಕ ಕನ್ನಂಬಾಡಿಯ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ನಿಷೇಧಿಸಿತು. ಆ ಹಳ್ಳಿಗೆ ಅಷ್ಟಾದರೂ ದೊರೆತದ್ದಕ್ಕೆ ಕಾರಣವು ಅಣೆಕಟ್ಟು. ನಮ್ಮ ಎಂಬತ್ತು ಮನೆಗಳ ಹತ್ತಿರ ಇರುವುದು ಒಂದು ಕುಂಟೆ.

ಸಿಡಿಮದ್ದಿನ ವಿಷಯವಾಗಿ ಹೆಚ್ಚು ಬರೆಯಲು ಮನಸ್ಸಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕಲ್ಲುಗಣಿಯ ಸ್ಫೋಟಕವು ಸಿಡಿದು ಕನಿಷ್ಠ ಐವರು ಸತ್ತರು. ದೂರದ ಊರುಗಳಲ್ಲಿ ಜನರು ಭೂಕಂಪವೆಂದು ಮನೆಗಳಿಂದ ಹೊರಗೋಡಿದರು. ತಿಂಗಳು ಕಳೆದ ಮೇಲೆ, ಫೆಬ್ರವರಿ 23ರಂದು, ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಇನ್ನು ಆರು ಮಂದಿ. ಸತ್ತವರು ಕೂಲಿಗೆ ದುಡಿಯುವ ಜನರು.

ನಾನು ಕಾಯಿದೆಯನ್ನು ಓದಿದವಳಲ್ಲ. ಆದರೂ ರುಜು ಕೇಳಿದ ಮೇಲೆ ಓದಬೇಕಾಯಿತು. ಹಿಂದೆ ಚಿಕ್ಕ ಗಣಿಗಳಿಗೆ ಪರಿಸರದ ಅನುಮತಿಯೇ ಬೇಕಾಗಿರಲಿಲ್ಲ. ದೊಡ್ಡ ಗಣಿಯನ್ನೇ ಸಣ್ಣ ಸಣ್ಣ ತುಂಡುಗಳಾಗಿ ತೋರಿಸಿ ಪಾರಾಗುವ ಉಪಾಯವೂ ನಡೆಯುತ್ತಿತ್ತು. 2012ರ ಫೆಬ್ರವರಿ 27ರಂದು ಸರ್ವೋಚ್ಚ ನ್ಯಾಯಾಲಯವು ಹರಿಯಾಣದ ದೀಪಕ್ ಕುಮಾರ್ ಮೊಕದ್ದಮೆಯಲ್ಲಿ, 5 ಹೆಕ್ಟೇರಿಗಿಂತ, ಎಂದರೆ ಸುಮಾರು 12 ಎಕರೆ 14 ಗುಂಟೆಗಿಂತ, ಚಿಕ್ಕದಾದ ಗಣಿಗೂ ಅನುಮತಿ ಬೇಕೆಂದು ವಿಧಿಸಿತು. ನಮ್ಮ ರಾಜ್ಯದಲ್ಲಿ ಕ್ರಷರುಗಳಿಗೆ ಸುರಕ್ಷಿತ ವಲಯವನ್ನು ಗೊತ್ತುಮಾಡುವ 2011ರ ಕಾಯಿದೆಯೊಂದಿದೆ. ಇವೆಲ್ಲ ಒಳ್ಳೆಯವೇ. ಆದರೆ ಚಿಕ್ಕ ಗಣಿಯ ವಿಷಯದಲ್ಲಿ ಊರ ಜನರನ್ನು ಕರೆದು ಕೇಳುವ ಬಹಿರಂಗ ಸಭೆಯು ಬಹುಮಟ್ಟಿಗೆ ನಡೆಯುವುದಿಲ್ಲ. ಖಾಸಗಿ ಜಮೀನಾದರೆ ಒಡೆಯನ ಒಪ್ಪಿಗೆ ಬೇಕು. ಬಾವಿಯ ನೀರನ್ನು ಕುಡಿಯುವ ಎಂಬತ್ತು ಮನೆಗಳಲ್ಲಿ ಪ್ರಶ್ನೆಯು ಬಂದದ್ದು ಒಂದು ಮನೆಗೆ. ಆ ಮನೆಯಲ್ಲಿಯೂ ತಂದೆಯವರ ಕಾಲಾನಂತರ ಜಂಟಿ ಖಾತೆಯಾದ್ದರಿಂದ ಮಾತ್ರ, ನಗರದಲ್ಲಿರುವ ಮಗಳಿಗೆ. ಊರವರನ್ನು ಕೇಳಬೇಕಾದ ಸಭೆಯು ಬಸವೇಶ್ವರನಗರದಲ್ಲಿ ನನ್ನ ಊಟದ ಮೇಜಿನ ಮೇಲೆ, ಎರಡು ಲೋಟ ಕಾಫಿಯ ನಡುವೆ ನಡೆದುಹೋಗುವುದರಲ್ಲಿತ್ತು. ಮಾಗಡಿ, ತಾವರೆಕೆರೆ, ರಾಮನಗರ, ಕನಕಪುರಗಳ ಕಡೆ ತವರಿನ ಪಾಲನ್ನುಳ್ಳ ನನ್ನ ಸಹೋದರಿಯರು ಅನೇಕರು ಈ ಸಂಚಿಕೆಯನ್ನು ಓದುವರು. ಅವರಿಗೂ ಇಂಥ ಕಾಗದವು ಬರಬಹುದು. ಪೆನ್ಸಿಲಿನ ಗುರುತೂ ಇರಬಹುದು.

ಒಂದು ಭಾನುವಾರ ನಾನು ಊರಿಗೆ ಹೋಗಿ, ಆ ಪತ್ರದೊಡನೆ ಲಗತ್ತಿಸಿದ್ದ ನಕ್ಷೆಯನ್ನು ಕೈಯಲ್ಲಿ ಹಿಡಿದು, ತಮ್ಮನನ್ನು ಕರೆದುಕೊಂಡು ಅರೆಯ ಸುತ್ತ ನಡೆದೆನು. ಮೊಮ್ಮಗಳು ಅಳತೆಯ ಟೇಪನ್ನು ಹಿಡಿದಳು. ನಕ್ಷೆಯಲ್ಲಿ ರಸ್ತೆಯಿದೆ, ವಿದ್ಯುತ್ ಕಂಬಗಳಿವೆ, ನಮ್ಮ ಹೊಲದ ಬದುಗಳೂ ಇವೆ. ಕುಂಟೆಯಿಲ್ಲ. ಮೂರು ಬಾವಿಗಳಲ್ಲಿ ಒಂದೂ ಇಲ್ಲ. ಅಂಗನವಾಡಿಯಿಲ್ಲ. ತಮ್ಮನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಕುಂಟೆ ಎಲ್ಲಿ ಹೋಯಿತು?” ಎಂದನು. ರುಜು ಹಾಕುವಾಗ ಅವನು ನಕ್ಷೆಯನ್ನು ಬಿಡಿಸಿರಲಿಲ್ಲ. ಬಿಡಿಸಿ ತೋರಿಸಿದವರೂ ಇರಲಿಲ್ಲ.

ಅರೆಯ ನೆತ್ತಿಯ ಮೇಲೆ ಕುಳಿತು ನಾವು ಮೂವರೂ ಒಂದು ಲೆಕ್ಕವನ್ನು ಮಾಡಿದೆವು. ಕೇಳಿರುವುದು ಹೊಲವೂ ಸೇರಿ ಸುಮಾರು 5 ಎಕರೆ. ಅದನ್ನು 20 ಮೀಟರು ಆಳಕ್ಕೆ ತೆಗೆದರೆ ಸುಮಾರು 4 ಲಕ್ಷ ಘನಮೀಟರು ಕಲ್ಲು. ತೂಕ 10 ಲಕ್ಷ 70 ಸಾವಿರ ಟನ್ನು. 20 ಟನ್ನಿನ ಲಾರಿಗೆ ತುಂಬಿದರೆ 53,000ಕ್ಕೆ ಮೀರಿದ ಲಾರಿಗಳು. ಗಣಿಯ ಗೋಡೆಯನ್ನು ಇಳಿಜಾರಾಗಿ ಬಿಡುವುದರಿಂದ ಕೊಂಚ ಕಡಿಮೆಯಾಗಬಹುದು. ಹತ್ತು ವರ್ಷ, ವರ್ಷಕ್ಕೆ 300 ದಿನವೆಂದು ಹಂಚಿದರೆ ದಿನಕ್ಕೆ 18 ತುಂಬಿದ ಲಾರಿ, 18 ಖಾಲಿ ಲಾರಿ. ಈ ಸಂಖ್ಯೆಯು ನಾನು ಹೆದರಿದ್ದಕ್ಕಿಂತ ಚಿಕ್ಕದೇ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ರಸ್ತೆಯ ಅಗಲವನ್ನು ಮೊಮ್ಮಗಳು ಅಳೆದಳು: ಹನ್ನೊಂದು ಅಡಿ. ಅಂಗನವಾಡಿಯ ಬಾಗಿಲು ಆ ರಸ್ತೆಗೇ ತೆರೆಯುತ್ತದೆ. ಇನ್ನು ಬಾವಿಯ ಆಳ ನಲವತ್ತೈದು ಅಡಿ. ಗಣಿಯ ಆಳ ಅರವತ್ತೈದು. ಗಣಿಯಲ್ಲಿ ಕೆಲಸ ನಡೆಯಬೇಕಾದರೆ ಅಡಿಯಲ್ಲಿ ಸೇರುವ ನೀರನ್ನು ಪಂಪಿನಿಂದ ಹೊರಹಾಕಬೇಕು. ಬಾವಿಗಿಂತ ಆಳವಾದ ಹಳ್ಳದಿಂದ ದಿನವೂ ನೀರೆತ್ತಿದರೆ ಬಿರುಕುಗಳ ನೀರು ಯಾವ ಕಡೆಗೆ ಹೋಗುತ್ತದೆಂದು ತಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಬಾವಿಯನ್ನು ಅಗೆದವರ ಮಗ.

“ಕಲ್ಲು ಮುಗಿದ ಮೇಲೆ?” ಎಂದು ಮೊಮ್ಮಗಳು ಕೇಳಿದಳು. ಬೆಂಗಳೂರಿನ ಉತ್ತರಕ್ಕೆ ಬೆಳ್ಳಳ್ಳಿ, ಮಿಟ್ಟಗಾನಹಳ್ಳಿಗಳಲ್ಲಿ ಕಲ್ಲು ಮುಗಿದ ಹಳ್ಳಗಳಿಗೆ ನಗರದ ಕಸವನ್ನು ತಂದು ತುಂಬಿದುದನ್ನು ಅವಳಿಗೆ ಹೇಳಿದೆನು. ತಮ್ಮನು ಏನೂ ಮಾತನಾಡಲಿಲ್ಲ. ಬಹಳ ಹೊತ್ತಿನ ಮೇಲೆ, “ಹಣ ಬೇಡ ಅನ್ನುವಷ್ಟು ನಾನು ಶ್ರೀಮಂತನಲ್ಲ ಅಕ್ಕಾ” ಎಂದನು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗಿಯ ಶುಲ್ಕವನ್ನು ನನ್ನ ಪಿಂಚಣಿಯಿಂದ ಕಟ್ಟುತ್ತೇನೆಂದೆನು. ಅವನು ಅದನ್ನು ಸಾಲವೆಂದು ಬರೆದುಕೊಂಡರೆ ಮಾತ್ರ ಒಪ್ಪುತ್ತೇನೆಂದನು, ಬರೆದುಕೊಂಡೆವು.

ಇದೀಗ ಸ್ಥಿತಿ ಹೀಗಿದೆ. ಕುಂಟೆ, ಬಾವಿಗಳು, ಅಂಗನವಾಡಿ, ರಸ್ತೆಯ ಅಗಲ, ಪ್ರತಿಯೊಂದಕ್ಕೂ ಗಣಿಯ ಅಂಚಿನಿಂದ ಇರುವ ದೂರ, ಇವುಗಳನ್ನು ಸೇರಿಸಿ ಮೊಮ್ಮಗಳು ಬೇರೊಂದು ನಕ್ಷೆಯನ್ನು ಬರೆದಿದ್ದಾಳೆ. ಅದರ ಪ್ರತಿಯೊಂದಿಗೆ ನಾವಿಬ್ಬರೂ ರುಜು ಹಾಕಿ, ಗ್ರಾಮಸಭೆಯಲ್ಲಿ ಓದಿಹೇಳುವ ತನಕ ನಮ್ಮ ಒಪ್ಪಿಗೆಯಿಲ್ಲವೆಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಗ್ರಾಮ ಪಂಚಾಯಿತಿಗೂ ಬರೆದಿದ್ದೇವೆ. ತನ್ನ ಹಿಂದಿನ ರುಜುವನ್ನು ಹಿಂತೆಗೆದುಕೊಂಡ ತಮ್ಮನೊಡನೆ ಗುತ್ತಿಗೆದಾರರ ಕಡೆಯವರು ಮಾತುಬಿಟ್ಟಿದ್ದಾರೆ. ಊರಿನಲ್ಲಿ ಎರಡು ಪಕ್ಷಗಳಾಗಿವೆ. ಲಾರಿ ಓಡಿಸುವ ಹುಡುಗರು ನನ್ನನ್ನು ಪಟ್ಟಣದ ಅಜ್ಜಿಯೆಂದು ಹೀಯಾಳಿಸುತ್ತಾರೆಂದು ಕೇಳಿದ್ದೇನೆ. ಅವರ ಮಾತಿನಲ್ಲಿ ಸುಳ್ಳೇನೂ ಇಲ್ಲ. ಸಭೆಯ ದಿನ ನಾನು ಹೋಗುವೆನು. ಊರವರು ಎಲ್ಲವನ್ನೂ ತಿಳಿದು ಬೇಕೆಂದರೆ ಏನು ಮಾಡುವೆನೆಂಬುದನ್ನು ನಾನಿನ್ನೂ ನಿಶ್ಚಯಿಸಿಲ್ಲ.

ಈ ಲೇಖನವನ್ನು ಮುಗಿಸುವ ಹೊತ್ತಿಗೆ ತಮ್ಮನು ಹೊಸ ರಾಗಿಯ ಚೀಲವನ್ನು ತಂದು ಅಡುಗೆಮನೆಯಲ್ಲಿ ಇಳಿಸಿ ಹೋಗಿದ್ದಾನೆ. ಬಿಡಿಸಿ ಒಂದು ಹಿಡಿಯನ್ನು ತಟ್ಟೆಯಲ್ಲಿ ಹರವಿದೆನು. ಕನ್ನಡಕವನ್ನು ಹಾಕಿಕೊಂಡು, ಅಡುಗೆಯ ಅಮ್ಮನು ಮಾಡುತ್ತಿದ್ದಂತೆ ಬೆರಳಾಡಿಸಿ ನೋಡಿದೆನು. ಆರಿಸುವುದಕ್ಕೆ ಏನೂ ಇರಲಿಲ್ಲ.